ಹಸಿರು ಪೆನ್ಸಿಲಿನ ಗೆರೆ

ನಾನು ಎಂಟನೆಯ ತರಗತಿಯಲ್ಲಿದ್ದಾಗ ಸಮಾಜ ಪಾಠದ ಮೇಷ್ಟ್ರು ಗೋಡೆಯ ಭೂಪಟದಲ್ಲಿ ಹುಣಸೆ ಬೀಜದಷ್ಟಿದ್ದ ದ್ವೀಪವೊಂದನ್ನು ತೋರಿಸಿ, "ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರು ತೀರಿಕೊಂಡದ್ದು ಇಲ್ಲಿ, ಸೈಪ್ರಸ್‌ನಲ್ಲಿ" ಎಂದಿದ್ದರು. ಪರೀಕ್ಷೆಗೆ ಬರದ ವಿಷಯವೆಂದು ನಾವ್ಯಾರೂ ಅದನ್ನು ಬರೆದುಕೊಳ್ಳಲಿಲ್ಲ.

ಮುಂದೆ ಗ್ರೀಸ್‌ನ ಪಿರೇಯಸ್ ಬಂದರಿನಲ್ಲಿ ಕೆಲಸಕ್ಕಿದ್ದಾಗ, 2013ರಲ್ಲಿ, ಸಹೋದ್ಯೋಗಿಯೊಬ್ಬರ ಹಾಯಿದೋಣಿಯಲ್ಲಿ ಆ ದ್ವೀಪಕ್ಕೆ ಹೋಗುವ ಅವಕಾಶ ಸಿಕ್ಕಿತು. ರೋಡ್ಸ್ ದ್ವೀಪದಿಂದ ಹೊರಟು ಮೂರು ಹಗಲು, ಎರಡು ರಾತ್ರಿ ಪ್ರಯಾಣ. ಉತ್ತರ ತೀರದ ಕೈರೇನಿಯಾದ ಕೋಟೆಯಲ್ಲಿ ಸುಮಾರು 2,300 ವರ್ಷ ಹಳೆಯ ವ್ಯಾಪಾರಿ ಹಡಗೊಂದನ್ನು ಇಟ್ಟಿದ್ದಾರೆ. ಅದನ್ನು ನೋಡಲು ನೇರವಾಗಿ ಅಲ್ಲಿಗೇ ಹೋಗೋಣವೆಂದೆ. "ಆಗದು. 1974ರಿಂದ ಸೈಪ್ರಸ್ ಸರ್ಕಾರ ಆ ಬಂದರನ್ನು ಮುಚ್ಚಿದೆ ಎಂದೇ ಘೋಷಿಸಿದೆ. ಅಲ್ಲಿ ಲಂಗರು ಹಾಕಿದರೆ ದಕ್ಷಿಣದಲ್ಲಿ ನಾವು ಅಪರಾಧಿಗಳು" ಎಂದರು ಗೆಳೆಯರು.

ಹಾಗಾಗಿ ದಕ್ಷಿಣದ ಲಾರ್ನಕಾಕ್ಕೆ ಹೋದೆವು. ಬಂದರು ಸಮೀಪಿಸಿದಾಗ ರೂಢಿಯಂತೆ ಆ ದೇಶದ ಬಾವುಟ ಏರಿಸಿದೆವು. ಬಿಳಿಯ ಬಟ್ಟೆಯ ಮೇಲೆ ತಾಮ್ರವರ್ಣದ ದ್ವೀಪ, ಅದರ ಕೆಳಗೆ ಎರಡು ಆಲಿವ್ ರೆಂಬೆಗಳು. ಬಾವುಟದ ಆ ದ್ವೀಪದಲ್ಲಿ ಗೆರೆಯೇ ಇಲ್ಲ.

ಗೆರೆ ಇರುವುದು ನೆಲದ ಮೇಲೆ. ಸೈಪ್ರಸ್ 1960ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾಯಿತು. ಗ್ರೀಕರೂ ತುರ್ಕರೂ ಅಧಿಕಾರ ಹಂಚಿಕೊಂಡ ವ್ಯವಸ್ಥೆ ಮೂರೇ ವರ್ಷಕ್ಕೆ ಮುರಿದುಬಿತ್ತು. 1963ರ ಡಿಸೆಂಬರಿನಲ್ಲಿ ರಾಜಧಾನಿ ನಿಕೋಸಿಯಾದಲ್ಲಿ ರಕ್ತ ಹರಿದಾಗ ಬ್ರಿಟಿಷ್ ಸೇನಾಧಿಕಾರಿಯೊಬ್ಬರು ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಕದನವಿರಾಮದ ಗೆರೆ ಎಳೆದರು. ಅದಕ್ಕೆ 'ಹಸಿರು ಗೆರೆ' ಎಂಬ ಹೆಸರೇ ನಿಂತಿತು. ಮರುವರ್ಷ ವಿಶ್ವಸಂಸ್ಥೆಯ ಶಾಂತಿಪಡೆ ಬಂತು. ಅದರ ದಂಡನಾಯಕರಾಗಿ ಹೋದ ತಿಮ್ಮಯ್ಯನವರು 1965ರ ಡಿಸೆಂಬರ್ 18ರಂದು ಅಲ್ಲೇ ಕೊನೆಯುಸಿರೆಳೆದರು. ದ್ವೀಪ ಒಡೆದದ್ದು 1974ರಲ್ಲಿ ಎಂದು ಹೇಳುವುದುಂಟು. ಬಿರುಕು ಅದಕ್ಕೂ ಹಳೆಯದು.

1974ರ ಜುಲೈ 15ರಂದು ಗ್ರೀಸ್‌ನ ಸೇನಾಡಳಿತದ ಕುಮ್ಮಕ್ಕಿನಿಂದ ಕ್ಷಿಪ್ರಕ್ರಾಂತಿ ನಡೆಯಿತು. ಐದು ದಿನದಲ್ಲಿ ತುರ್ಕಿಯ ಸೈನ್ಯ ಬಂದಿಳಿಯಿತು. ಸುಮಾರು 1,60,000 ಗ್ರೀಕ್ ಸೈಪ್ರಸಿಗರು ದಕ್ಷಿಣಕ್ಕೂ, 40,000ಕ್ಕೂ ಹೆಚ್ಚು ತುರ್ಕಿ ಸೈಪ್ರಸಿಗರು ಉತ್ತರಕ್ಕೂ ಮನೆಮಠ ಬಿಟ್ಟು ಹೋದರು. ಗೆರೆ ಸುಮಾರು 180 ಕಿಲೋಮೀಟರ್ ಉದ್ದಕ್ಕೂ ಬೆಳೆಯಿತು.

ಲಾರ್ನಕಾದ ಕಾಫಿ ಅಂಗಡಿಯ ಮುದುಕರೊಬ್ಬರು ಕೈರೇನಿಯಾದವರು. 2003ರಲ್ಲಿ ಮೊದಲ ಬಾರಿ ದಾಟುದಾರಿ ತೆರೆದಾಗ ತಮ್ಮ ಮನೆ ನೋಡಲು ಹೋಗಿದ್ದರಂತೆ. ಅಲ್ಲಿದ್ದ ತುರ್ಕಿ ಹೆಂಗಸು ಕಾಫಿ ಕೊಟ್ಟು, ಇಪ್ಪತ್ತೊಂಬತ್ತು ವರ್ಷ ಜೋಪಾನ ಮಾಡಿದ್ದ ಇವರ ಮದುವೆಯ ಫೋಟೊ ತಂದುಕೊಟ್ಟಳಂತೆ. ಆಕೆಯೂ ದಕ್ಷಿಣದ ಪಾಫೋಸ್ ಕಡೆ ಮನೆ ಕಳೆದುಕೊಂಡವಳೇ. "ಬೈಯಬೇಕೆಂದು ಹೋಗಿದ್ದೆ. ಕಾಫಿ ಕುಡಿದು ಬಂದೆ. ಮತ್ತೆ ಹೋಗಲಿಲ್ಲ" ಎಂದರು.

ಮರುದಿನ ನಿಕೋಸಿಯಾದ ಲೆಡ್ರಾ ಬೀದಿಯಲ್ಲಿ ಎರಡೂ ಕಡೆ ಪಾಸ್‌ಪೋರ್ಟ್ ತೋರಿಸಿ, ನಡೆದೇ ದಾಟಿದೆ. ನಡುವೆ ಕಿಟಕಿ ಮುಚ್ಚಿದ ಖಾಲಿ ಅಂಗಡಿಗಳು. ಕೈರೇನಿಯಾ ಕೋಟೆಯಲ್ಲಿ ಆ ಹಳೆಯ ಹಡಗನ್ನು ಕಂಡೆ. ದ್ರಾಕ್ಷಾರಸದ ಜಾಡಿಗಳನ್ನೂ ಬಾದಾಮಿಯನ್ನೂ ತುಂಬಿಕೊಂಡು ಆ ತೀರದ ಹತ್ತಿರ ಮುಳುಗಿದ ಹಡಗದು. ಆ ಕಾಲದ ನಾವಿಕರು ಯಾವ ಬಾವುಟ ಏರಿಸಬೇಕೆಂದು ಯೋಚಿಸಿದ್ದಿರಲಾರರು.

ಹಿಂತಿರುಗಿ ಬಂದ ಸಂಜೆ ಲಾರ್ನಕಾದಲ್ಲಿ ಜನರಲ್ ತಿಮ್ಮಯ್ಯ ಅವೆನ್ಯೂ ಎಂಬ ರಸ್ತೆಯ ಫಲಕ ಕಂಡಿತು. ಗ್ರೀಕ್ ಅಕ್ಷರದಲ್ಲಿ ನಮ್ಮ ಜಿಲ್ಲೆಯ ಹೆಸರು! ಮೇಷ್ಟ್ರಿಗೆ ತೋರಿಸಬೇಕೆಂದು ಫೋಟೊ ತೆಗೆದೆ. ನಾನು ಊರಿಗೆ ಬರುವಷ್ಟರಲ್ಲಿ ಅವರು ಇರಲಿಲ್ಲ.

ಆ ಫೋಟೊವನ್ನು ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಗೆ ಕೊಟ್ಟಿದ್ದೇನೆ. ಭೂಪಟದ ಪಕ್ಕದಲ್ಲಿ ತೂಗುಹಾಕಿ. ಪರೀಕ್ಷೆಗೆ ಬರುವುದಿಲ್ಲ, ಆದರೂ ಮಕ್ಕಳು ಬರೆದುಕೊಳ್ಳಲಿ.