ಮೊಲೆಟೆಯ ಶಾಲೆ, ಸೆನೆಟರ್ ಎಸಾನ್

ನೈಜೀರಿಯದ ಸಂಸತ್ತಿಗೆ ಕಾಲಿಟ್ಟ ಮೊದಲ ಮಹಿಳೆ ಎಂದು ವುರಾವೊಲಾ ಅಡೆಪೆಜು ಎಸಾನ್ ಅವರನ್ನು ಚರಿತ್ರೆ ನೆನೆಯುತ್ತದೆ. ಆ ಮಾತು ನಿಜ. ಆದರೂ ಅವರನ್ನು ಅರಿಯಬೇಕೆಂದರೆ ಮೊದಲು ನೋಡಬೇಕಾದದ್ದು ಇಬಾದಾನ್ ನಗರದ ಮೊಲೆಟೆಯನ್ನು. ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗ, 1944ರಲ್ಲಿ, ಅವರು ಅಲ್ಲಿ ಇಬಾದಾನ್ ಪೀಪಲ್ಸ್ ಗರ್ಲ್ಸ್ ಗ್ರಾಮರ್ ಸ್ಕೂಲ್ ಕಟ್ಟಿದರು. ಎಂಟು ದಶಕ ದಾಟಿದ ಆ ಶಾಲೆಯೇ ಅವರ ರಾಜಕೀಯದ ಬೇರು.

ಎಸಾನ್ ಹುಟ್ಟಿದ್ದು 1909ರಲ್ಲಿ, ಕಲಬಾರ್ ಪಟ್ಟಣದಲ್ಲಿ. ತಂದೆ ಸೈನ್ಯದಲ್ಲಿದ್ದವರು. ಅದೇ ವರ್ಷ ಬ್ರಿಟಿಷ್ ಸರ್ಕಾರ ಲಾಗೋಸಿನಲ್ಲಿ ಹುಡುಗರಿಗಾಗಿ ಕಿಂಗ್ಸ್ ಕಾಲೇಜು ತೆರೆಯಿತು. ಹುಡುಗಿಯರಿಗೆ ಕ್ವೀನ್ಸ್ ಕಾಲೇಜು ಬಂದದ್ದು 1927ರಲ್ಲಿ. ನಡುವಿನ ಆ ಹದಿನೆಂಟು ವರ್ಷಗಳಲ್ಲಿ ಓದುವ ಆಸೆಯಿದ್ದ ಹೆಣ್ಣುಮಗುವಿಗೆ ಮಿಷನ್ ಶಾಲೆಗಳೇ ಗತಿ. ತಾವು ಹೆಚ್ಚು ಓದಿದವರಲ್ಲದಿದ್ದರೂ ಎಸಾನ್‌ರ ತಂದೆತಾಯಿ ಮಗಳನ್ನು ಅಬೆಯೋಕುಟಾದ ಬ್ಯಾಪ್ಟಿಸ್ಟ್ ಬಾಲಕಿಯರ ಶಾಲೆಗೆ ಸೇರಿಸಿದರು. ಮುಂದೆ ಯುನೈಟೆಡ್ ಮಿಷನರಿ ಕಾಲೇಜಿನಲ್ಲಿ ಶಿಕ್ಷಕಿಯ ತರಬೇತಿ ಪಡೆದು, 1930ರಿಂದ 1934ರವರೆಗೆ ಅಕುರೆಯಲ್ಲಿ ಗೃಹವಿಜ್ಞಾನ ಕಲಿಸಿದರು. 1934ರಲ್ಲಿ ವಿಕ್ಟರ್ ಒವೊಲಾಬಿ ಎಸಾನ್ ಅವರೊಡನೆ ಮದುವೆಯಾಯಿತು. ಕೆಲಕಾಲ ಲಾಗೋಸಿನಲ್ಲಿದ್ದು ಆಮೇಲೆ ಇಬಾದಾನಿಗೆ ಬಂದರು.

ಇಬಾದಾನಿನ ಯೊರುಬಾ ಹೆಂಗಸರು ಸಂತೆಯ ವ್ಯಾಪಾರದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಶಾಲೆಯ ವಿಷಯ ಬಂದಾಗ ಮಾತ್ರ ಮನೆಯ ದುಡ್ಡು ಮೊದಲು ಗಂಡುಮಕ್ಕಳ ಶುಲ್ಕಕ್ಕೆ ಹೋಗುತ್ತಿತ್ತು. ಶಾಲೆಗೆ ಹೋದ ಹುಡುಗಿಯರಿಗೂ ಬಹುಪಾಲು ಹೊಲಿಗೆ, ಅಡುಗೆ, ಬೈಬಲ್ ಇಷ್ಟೇ. ಎಸಾನ್ ಸ್ವತಃ ಗೃಹವಿಜ್ಞಾನದ ಶಿಕ್ಷಕಿ. ಆ ವಿದ್ಯೆಯನ್ನು ಅವರು ಕೀಳೆಂದು ಬಗೆಯಲಿಲ್ಲ. ತಮ್ಮ ಶಾಲೆಯಲ್ಲಿ ಅದನ್ನು ಉಳಿಸಿಕೊಂಡು ಉಳಿದ ವಿಷಯಗಳನ್ನೂ ಕಲಿಸಿದರು. ಸರ್ಕಾರವೋ ಚರ್ಚೋ ಕಟ್ಟಿಕೊಡಲಿ ಎಂದು ಕಾಯದೆ ಆ ಊರಿನ ಒಬ್ಬ ಹೆಂಗಸು ಹೀಗೆ ಮುಂದಾದದ್ದು ನನ್ನ ಕಣ್ಣಿಗೆ ಬಹಳ ದೊಡ್ಡ ಸಾಹಸ. ಇಬಾದಾನ್ ಇದ್ದ ಪಶ್ಚಿಮ ಪ್ರಾಂತ್ಯದಲ್ಲಿ ಅವೊಲೊವೊ ಸರ್ಕಾರದ ಉಚಿತ ಪ್ರಾಥಮಿಕ ಶಿಕ್ಷಣ ಬಂದದ್ದು 1955ರಲ್ಲಿ. ಮೊಲೆಟೆಯ ಶಾಲೆಗೆ ಆಗಲೇ ಹನ್ನೊಂದು ವರ್ಷ.

ಆ ಅವೊಲೊವೊ ಕಟ್ಟಿದ ಆ್ಯಕ್ಷನ್ ಗ್ರೂಪ್ ಪಕ್ಷದ ಮಹಿಳಾ ವಿಭಾಗಕ್ಕೆ ಎಸಾನ್ ಸೇರಿದರು. ಹೆಂಗಸರ ಮತ ಪಕ್ಷಗಳಿಗೆಲ್ಲ ಬೇಕಿತ್ತು, ಅಧಿಕಾರದ ಕುರ್ಚಿ ಮಾತ್ರ ಅವರಿಗೆ ಸಿಗುತ್ತಿರಲಿಲ್ಲ. ಉತ್ತರ ನೈಜೀರಿಯದ ಹೆಂಗಸರಿಗಂತೂ 1976ರವರೆಗೆ ಮತದ ಹಕ್ಕೇ ಇರಲಿಲ್ಲ. ಇಂಥ ಹೊತ್ತಿನಲ್ಲಿ, 1960ರಲ್ಲಿ ದೇಶ ಸ್ವತಂತ್ರವಾಗುವ ಕಾಲಕ್ಕೆ, ಎಸಾನ್ ಇಬಾದಾನ್ ಪಶ್ಚಿಮದಿಂದ ಸಂಸತ್ತಿನ ಮೇಲ್ಮನೆಯಾದ ಸೆನೆಟಿಗೆ ನಾಮನಿರ್ದೇಶನಗೊಂಡರು. ಆ ಸೆನೆಟಿಗೆ ನೇರ ಚುನಾವಣೆಯಿರಲಿಲ್ಲ. ಮೂರು ಪ್ರಾಂತ್ಯಗಳಿಂದ ತಲಾ ಹನ್ನೆರಡು ಮಂದಿ, ಜೊತೆಗೆ ಇನ್ನೂ ಕೆಲವರು. ಮಸೂದೆಯನ್ನು ತಡಮಾಡಿಸುವ ಶಕ್ತಿ ಅದಕ್ಕಿತ್ತೇ ಹೊರತು ಬೀಳಿಸುವ ಶಕ್ತಿ ಇರಲಿಲ್ಲ.

1962ರಲ್ಲಿ ಮುಖಂಡರಾದ ಅವೊಲೊವೊ, ಅಕಿಂಟೊಲಾ ಅವರ ಬಣಗಳ ಜಗಳದಲ್ಲಿ ಆ್ಯಕ್ಷನ್ ಗ್ರೂಪ್ ಪಕ್ಷವೇ ಒಡೆಯಿತು. ಇಬಾದಾನಿನ ಶಾಸನಸಭೆಯಲ್ಲಿ ಕುರ್ಚಿಗಳು ಹಾರಾಡಿದವು, ಪ್ರಾಂತ್ಯದಲ್ಲಿ ತುರ್ತುಪರಿಸ್ಥಿತಿ ಬಂತು. 1966ರ ಜನವರಿಯಲ್ಲಿ ಸೈನ್ಯ ಅಧಿಕಾರ ಹಿಡಿದು ಸೆನೆಟನ್ನೇ ಮುಚ್ಚಿಹಾಕಿತು.

ಎಸಾನ್‌ರ ಸಾರ್ವಜನಿಕ ಬದುಕು ಅಲ್ಲಿಗೆ ನಿಲ್ಲಲಿಲ್ಲ. ಮಹಿಳಾ ಸಂಘಗಳ ರಾಷ್ಟ್ರೀಯ ಮಂಡಳಿಯ ಸ್ಥಾಪಕರಲ್ಲಿ ಅವರು ಮೊದಲೇ ಒಬ್ಬರಾಗಿದ್ದರು. 1975ರಲ್ಲಿ ಅವರು ಇಬಾದಾನಿನ ಇಯಾಲೋಡೆ ಆದರು. ಊರಿನ ಹೆಂಗಸರೆಲ್ಲರ ಪರವಾಗಿ ಮುಖಂಡರ ಸಭೆಯಲ್ಲಿ ಮಾತಾಡುವ ಹಳೆಯ ಪದವಿ ಅದು. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಹೊಂದಿದ್ದ ಎಫುನ್‌ಸೆಟಾನ್ ಅನಿವುರಾ ಭಾರೀ ವ್ಯಾಪಾರಿ; ಇಬಾದಾನನ್ನು ಆಳುತ್ತಿದ್ದ ಲಾಟೋಸಾನ ಹಗೆ ಕಟ್ಟಿಕೊಂಡು 1874ರಲ್ಲಿ ಕೊಲೆಯಾದವರು. ಹಣ ಮತ್ತು ಆಳುಬಲ ಇದ್ದವರಿಗೆ ಒಲಿಯುತ್ತಿದ್ದ ಪದವಿ ಈಗ ಹೆಣ್ಣುಮಕ್ಕಳಿಗೆ ಪಾಠ ಹೇಳಿದವರಿಗೆ ಬಂತು. ಸೆನೆಟ್ ಸದಸ್ಯತ್ವಕ್ಕಿಂತ ಇದನ್ನೇ ನಾನು ಹೆಚ್ಚಿನದೆಂದು ಎಣಿಸುತ್ತೇನೆ: ಆ ಸ್ಥಾನ ಪಕ್ಷ ಕೊಟ್ಟದ್ದು, ಈ ಗೌರವ ಊರು ಕೊಟ್ಟದ್ದು. 1985ರಲ್ಲಿ ತೀರಿಕೊಂಡಾಗಲೂ ಅವರು ಇಬಾದಾನಿಗೆ ಇಯಾಲೋಡೆಯೇ.