ದುಡಿಮೆಗೆ ಬರವಿಲ್ಲದ ಬಾಗಲಗುಂಟೆ

ತುಮಕೂರು ರಸ್ತೆ ಹಿಡಿದು ಯಶವಂತಪುರ, ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್, ದಾಸರಹಳ್ಳಿ ದಾಟಿದರೆ ಎಂಟನೇ ಮೈಲಿ. ಅಲ್ಲಿ ಬಲಕ್ಕೆ ಒಡೆಯುವ ಹೆಸರಘಟ್ಟ ರಸ್ತೆಯ ಮಗ್ಗುಲಿಗೆ ಬಾಗಲಗುಂಟೆ ಹಬ್ಬಿಕೊಂಡಿದೆ. ಸುತ್ತ ಮಲ್ಲಸಂದ್ರ, ಶೆಟ್ಟಿಹಳ್ಳಿ, ಹಾವನೂರು ಬಡಾವಣೆ, ಸಿಡೇದಹಳ್ಳಿ; ಇನ್ನೂ ಮುಂದಕ್ಕೆ ಚಿಕ್ಕಬಾಣಾವರ; ಹೆದ್ದಾರಿಯ ಆಚೆಗೆ ಪೀಣ್ಯ. ಹಳೆಯ ಕ್ರಯಪತ್ರಗಳಲ್ಲಿ ಇದು ಬೆಂಗಳೂರು ಉತ್ತರ ತಾಲ್ಲೂಕು ಯಶವಂತಪುರ ಹೋಬಳಿಯ ಒಂದು ಗ್ರಾಮ. ಇವತ್ತು ಕಣ್ಣಿಗೆ ಬೀಳುವುದು ಒಂದಕ್ಕೊಂದು ಅಂಟಿಕೊಂಡ ಮೂರಂತಸ್ತಿನ ಮನೆಗಳು, ಕೆಳಗೆ ಬೇಕರಿ, ಬೀಗದ ಅಂಗಡಿ, ಚಿಲ್ಲರೆ ಅಂಗಡಿ. ಲೈಟ್ ಕಂಬಕ್ಕೆ ಅಂಟಿಸಿದ ಚೀಟಿಗಳಲ್ಲಿ ಎರಡು ಬಗೆಯವು ಹೆಚ್ಚು: ‘ಟೈಲರ್, ಹೆಲ್ಪರ್ ಬೇಕಾಗಿದ್ದಾರೆ’ ಒಂದು, ‘ಮನೆ ಬಾಡಿಗೆಗೆ ಇದೆ’ ಇನ್ನೊಂದು.

ಈ ಊರಿನ ಆದಾಯ, ಬಡತನ ಎರಡನ್ನೂ ಅರಿಯಲು ಈ ಎರಡು ಚೀಟಿ ಸಾಕು. ಇಲ್ಲಿ ಕೈಗೆ ಕೆಲಸವಿಲ್ಲ ಎಂದು ಕೂತವರು ಕಡಿಮೆ. ಎಪ್ಪತ್ತು ವರ್ಷಗಳಿಂದ ಯಾವುದೋ ಒಂದು ಕಾರ್ಖಾನೆ ಈ ಸೀಮೆಯ ಜನರನ್ನು ಕರೆಯುತ್ತಲೇ ಬಂದಿದೆ. ಆದರೂ ಒಂದೇ ಬೀದಿಯಲ್ಲಿ ಒಂದು ಮನೆ ನೆಮ್ಮದಿಯಾಗಿ, ಪಕ್ಕದ ಮನೆ ತಿಂಗಳ ಇಪ್ಪತ್ತರ ಹೊತ್ತಿಗೆ ಕೈಸಾಲಕ್ಕೆ ನಿಲ್ಲುತ್ತದೆ. ಕೆಲಸ ಇದೆಯೋ ಇಲ್ಲವೋ ಎಂದು ಕೇಳಿದರೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಬಾಡಿಗೆ ಈಸಿಕೊಳ್ಳುವ ಮನೆಯೋ, ಬಾಡಿಗೆ ಕೊಡುವ ಮನೆಯೋ ಎಂದು ಕೇಳಬೇಕು.

ಬೆಂಗಳೂರು ಉತ್ತರದ ಉಳಿದ ಹಳ್ಳಿಗಳ ಹಾಗೆ ಹಿಂದೆ ಇದೂ ಮಳೆಯಾಶ್ರಿತ ಬೇಸಾಯದ ಸೀಮೆಯಾಗಿತ್ತು. ರಾಗಿ, ಅದರ ಅಕ್ಕಡಿಯಲ್ಲಿ ಅವರೆ, ಜೋಳ, ಹಿಂಗಾರಿಗೆ ಹುರುಳಿ, ಬಾವಿ ಇದ್ದವರಿಗೆ ಸೊಪ್ಪು, ತರಕಾರಿ. ಪೇಟೆ ಹತ್ತಿರ ಇದ್ದುದರಿಂದ ಹಾಲು, ತರಕಾರಿ ಹೊತ್ತು ಹೋದವರ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿತ್ತು. ಪೇಟೆಯ ನೀರಿಗೂ ಇದೇ ದಿಕ್ಕು: 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದ ಕೆರೆ ಆಯಿತು, ಸೋಲದೇವನಹಳ್ಳಿಯ ಪಂಪ್‌ಹೌಸಿನಿಂದ ಆ ನೀರನ್ನು ಬೆಂಗಳೂರಿಗೆ ಎತ್ತಿ ಕಳುಹಿಸಲಾಯಿತು. ಹೊಲವಿದ್ದವರು, ಹೊಲವಿಲ್ಲದೆ ಅವರ ಹೊಲಕ್ಕೆ ಕೂಲಿಗೆ ಹೋಗುವವರು: ಆ ಕಾಲದ ಅಂತರ ಇಷ್ಟೇ ಸರಳ. ಮುಂದೆ ನೆಲಕ್ಕೆ ಬೆಲೆ ಬಂದಾಗ ಈ ಅಂತರವೇ ಬೆಳೆದು ಬೆಟ್ಟವಾಯಿತು.

ತಿಂಗಳ ಸಂಬಳ ಎಂಬುದು ಈ ಕಡೆ ಕಾಲಿಟ್ಟದ್ದು ಐವತ್ತರ ದಶಕದಲ್ಲಿ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. 1961ರಲ್ಲಿ ಎಚ್‌ಎಂಟಿಯ ಕೈಗಡಿಯಾರದ ಕಾರ್ಖಾನೆ. ಇವು ಕೊಟ್ಟದ್ದು ಬರೀ ಸಂಬಳವಲ್ಲ. ಕ್ಯಾಂಟೀನ್ ಊಟ, ಕಂಪನಿ ಬಸ್ಸು, ಆಸ್ಪತ್ರೆ, ಪಿಎಫ್, ಗ್ರಾಚ್ಯುಟಿ, ಎಲ್ಲಕ್ಕೂ ಮಿಗಿಲಾಗಿ ಮನೆ ಕಟ್ಟಲು ಸಾಲ. ನೌಕರರು ಸೇರಿ ಸಂಘ ಮಾಡಿಕೊಂಡು ಜಮೀನು ಕೊಂಡು ಬಡಾವಣೆ ಮಾಡುವ ಪದ್ಧತಿ ಊರೆಲ್ಲ ಹಬ್ಬಿತು. ಬಾಗಲಗುಂಟೆಯ ಎಂಇಐ ಬಡಾವಣೆಯ ಹೆಸರಿನ ಹಿಂದೆ 1945ರಲ್ಲಿ ಆರಂಭವಾದ ಮೈಸೂರು ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಇದೆ.

ಈ ನೌಕರರು ಸುಮ್ಮನೆ ಸುಖಪಟ್ಟವರಲ್ಲ. ಬಿಎಚ್‌ಇಎಲ್‌ನವರಿಗೆ ಸಿಗುವ ಸಂಬಳ ತಮಗೂ ಬೇಕೆಂದು 1980ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ಕೆಲಸ ನಿಲ್ಲಿಸಿದರು. ಮುಷ್ಕರ 77 ದಿನ ನಡೆಯಿತು. ಅಷ್ಟು ದಿನ ಸಂಬಳವಿಲ್ಲದೆ ಸಂಸಾರ ತೂಗಿಸಿದ ಮನೆಗಳು ಈ ಭಾಗದಲ್ಲಿ ಬೇಕಾದಷ್ಟಿದ್ದವು. ಆದರೂ ಆ ತಲೆಮಾರು ನಿವೃತ್ತಿಯಾದಾಗ ಕೈಯಲ್ಲೊಂದು ಗಂಟಿತ್ತು, ಕಾಲಡಿಗೊಂದು ಸೈಟಿತ್ತು. ಎಚ್‌ಎಂಟಿ ವಾಚಸ್ ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗ ಹಳೆಯ ನೌಕರರಿಗೆ ಸಂಕಟವಾಯಿತು ನಿಜ; ಆ ವೇಳೆಗೆ ಬಹುಮಂದಿಯ ಮನೆ ಎದ್ದು ನಿಂತಾಗಿತ್ತು.

ಎಪ್ಪತ್ತರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ಅದರ ಸ್ವಭಾವವೇ ಬೇರೆ. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣಸಣ್ಣ ಶೆಡ್ಡುಗಳು ಸಾವಿರಾರು. ನಾಲ್ಕು ಲೇತು, ಒಂದು ಮಿಲ್ಲಿಂಗ್ ಮಷಿನ್ನು, ಆರೇಳು ಜನ. ಆರ್ಡರ್ ಇದ್ದರೆ ಎರಡು ಶಿಫ್ಟು ಮತ್ತು ಓಟಿ. ಇಲ್ಲದಿದ್ದರೆ ‘ಸೋಮವಾರ ನೋಡೋಣ ಬಾ’. ಕುಣಿಗಲ್, ಗುಬ್ಬಿ, ಮಾಗಡಿ, ಶಿರಾ, ಮಧುಗಿರಿ ಕಡೆಯಿಂದ ಐಟಿಐ ಮುಗಿಸಿದ ಹುಡುಗರು ತುಮಕೂರು ರಸ್ತೆಯ ಬಸ್ಸಿನಲ್ಲಿ ಬಂದು ಇಲ್ಲೇ ಇಳಿದರು. ಮಳೆ ಕೈಕೊಟ್ಟ ವರ್ಷ ಅವರ ಹಿಂದೆ ಅಣ್ಣತಮ್ಮಂದಿರೂ ಬಂದರು. ಕೆಲಸ ಕಲಿತು ಸ್ವಂತ ಶೆಡ್ಡು ಹಾಕಿದವರು ಕೆಲವರು. ಟರ್ನರ್ ಆಗಿ ಸೇರಿ ಟರ್ನರ್ ಆಗಿಯೇ ಉಳಿದವರು ಬಹಳ ಮಂದಿ. ಈಗ ಕೈ ಲೇತಿನ ಜಾಗಕ್ಕೆ ಸಿಎನ್‌ಸಿ ಬಂದಿದೆ. ಒಡಿಶಾ, ಬಿಹಾರ, ಅಸ್ಸಾಮಿನ ಹುಡುಗರು ಶೆಡ್ಡಿನ ಹತ್ತಿರವೇ ರೂಮು ಹಿಡಿದು ಗುತ್ತಿಗೆ ಲೆಕ್ಕದಲ್ಲಿ ದುಡಿಯುತ್ತಾರೆ.

ಬಂದವರೆಲ್ಲ ಉಳಿಯಬೇಕಲ್ಲ? ಗುಂಟೆ ಲೆಕ್ಕದ ಹೊಲ ಆಗ ಅಡಿ ಲೆಕ್ಕಕ್ಕೆ ಇಳಿಯಿತು. ಇಪ್ಪತ್ತು-ಮೂವತ್ತು, ಮೂವತ್ತು-ನಲವತ್ತರ ರೆವಿನ್ಯೂ ಸೈಟುಗಳು. ರಸ್ತೆ ಇಕ್ಕಟ್ಟು, ಚರಂಡಿ ಆಮೇಲೆ, ಪಾರ್ಕು ಕಾಗದದ ಮೇಲೆ. ರೈತರಲ್ಲೂ ಎಲ್ಲರ ಗತಿ ಒಂದೇ ಆಗಲಿಲ್ಲ. ಮೊದಲೇ ಅಗ್ಗಕ್ಕೆ ಮಾರಿ, ಆ ದುಡ್ಡು ಮದುವೆಗೋ ಸಾಲಕ್ಕೋ ಕರಗಿ, ಕೊನೆಗೆ ತಮ್ಮ ಹೊಲದಲ್ಲೆದ್ದ ಕಟ್ಟಡಕ್ಕೆ ವಾಚ್‌ಮನ್ ಆದವರ ಕತೆ ಬೆಂಗಳೂರಿನ ಸುತ್ತಣ ಯಾವ ಊರಿಗೂ ಹೊಸದಲ್ಲ. ಒಂದು ತುಂಡು ಉಳಿಸಿಕೊಂಡು ಸಾಲಾಗಿ ಶೀಟಿನ ಮನೆ ಕಟ್ಟಿದವರು ಮುಂದೆ ಅದರ ಮೇಲೆ ಮಹಡಿ ಏರಿಸಿದರು. ಹೊಲವೇ ಇಲ್ಲದ ಕೂಲಿಯವರಿಗೆ ಮಾರುವುದಕ್ಕೂ ಇರಲಿಲ್ಲ, ಉಳಿಸಿಕೊಳ್ಳುವುದಕ್ಕೂ ಇರಲಿಲ್ಲ. ಅವರ ಮಕ್ಕಳು ಹೊಸದಾಗಿ ಬಂದ ಬಾಡಿಗೆದಾರರ ಸರದಿಯಲ್ಲೇ ನಿಂತರು.

ಆಡಳಿತ ಹಿಂದಿನಿಂದ ಓಡಿ ಬಂತು. ಪಂಚಾಯಿತಿ ಕಾಲ ಮುಗಿದು ದಾಸರಹಳ್ಳಿ ನಗರಸಭೆ ಆಯಿತು. 2001ರ ಜನಗಣತಿಗೆ ಆ ನಗರಸಭೆಯ ಜನಸಂಖ್ಯೆ ಎರಡೂವರೆ ಲಕ್ಷ ದಾಟಿತ್ತು. 2007ರಲ್ಲಿ ಅದು ಬಿಬಿಎಂಪಿಗೆ ಸೇರಿತು, ಬಾಗಲಗುಂಟೆ ಒಂದು ವಾರ್ಡ್ ಆಯಿತು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೂ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ಪಾಲಿಕೆಗಳು ಬಂದವು. ಮೆಟ್ರೊ 2015ರ ಮೇ 1ರಂದು ನಾಗಸಂದ್ರದವರೆಗೆ, 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಓಡಿತು. ಓಡಾಟ ಹಗುರಾಯಿತು. ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಮನೆಗಳ ಬಾಡಿಗೆ ಮಾತ್ರ ಭಾರವಾಯಿತು.

ಈಗ ಈ ಊರಿನ ಸಂಸಾರಗಳನ್ನು ಎತ್ತಿ ಹಿಡಿದಿರುವವರು ಹೆಣ್ಣುಮಕ್ಕಳು. ಬೆಳಿಗ್ಗೆ ಎಂಟರ ಸುಮಾರಿಗೆ ಎಂಟನೇ ಮೈಲಿಯಲ್ಲಿ ನಿಂತರೆ ಸಾಕು. ತಲೆಗೆ ಹೂವು, ಕೈಯಲ್ಲಿ ಊಟದ ಬ್ಯಾಗು, ಕೊರಳಲ್ಲಿ ಗುರುತಿನ ಕಾರ್ಡು. ಗುಂಪು ಗುಂಪಾಗಿ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಹೊರಟವರು. ಒಳಗೆ ಒಂದು ಅಂಗಿಯನ್ನು ಹತ್ತಾರು ಕೆಲಸವಾಗಿ ಒಡೆದಿರುತ್ತಾರೆ. ಒಬ್ಬಾಕೆ ದಿನವಿಡೀ ಕಾಲರ್ ಕೂರಿಸುತ್ತಾಳೆ, ಮುಂದಿನವಳು ಕಫ್, ಅದರ ಮುಂದಿನವಳು ಜೇಬು. ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್. ಮುಂದಿನ ಮಷಿನ್ನಿನವಳು ಕೈ ಖಾಲಿ ಕೂತರೆ ಸೂಪರ್‌ವೈಸರ್ ಹಿಂದಿನವಳ ತಲೆಯ ಮೇಲೆ ಬಂದು ನಿಲ್ಲುತ್ತಾನೆ. ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆಂದು ಕುಡಿಯುವುದನ್ನೇ ಕಡಿಮೆ ಮಾಡಿಕೊಂಡವರಿದ್ದಾರೆ. ನೂಲು ಕತ್ತರಿಸುವ ಹೆಲ್ಪರ್ ಆಗಿ ಸೇರಿ ಟೈಲರ್ ಆದರೂ ಸಂಬಳ ಕನಿಷ್ಠ ವೇತನದ ಗೆರೆ ಬಿಟ್ಟು ಹೆಚ್ಚು ಮೇಲೇಳುವುದಿಲ್ಲ. ಇಪ್ಪತ್ತು ವರ್ಷದ ಅನುಭವದವಳಿಗೂ ನಿನ್ನೆ ಸೇರಿದವಳಿಗೂ ಇರುವ ಅಂತರ ಕೆಲವು ನೂರು ರೂಪಾಯಿ.

ಇವರ ಉಳಿತಾಯ ಎಂದರೆ ಪಿಎಫ್ ಒಂದೇ. ಮಗಳ ಮದುವೆ, ಮನೆಯ ಅಡ್ವಾನ್ಸ್, ಗಂಡನ ಆಪರೇಷನ್, ಎಲ್ಲಕ್ಕೂ ಅದೇ. ಅದಕ್ಕೇ ಕೆಲಸ ಬಿಟ್ಟು ಪಿಎಫ್ ತೆಗೆದು ಮತ್ತೆ ಬೇರೆ ಕಡೆ ಸೇರುವ ರೂಢಿ ಬೆಳೆದಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂದು ನಿಯಮ ಮಾಡಿದಾಗ, ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆಯಲ್ಲೂ ತುಮಕೂರು ರಸ್ತೆಯಲ್ಲೂ ಈ ಹೆಣ್ಣುಮಕ್ಕಳು ಬೀದಿಗಿಳಿದರು. ಮುಂದಾಳುಗಳಿಲ್ಲದೆ ಎದ್ದ ಆ ಜನಕ್ಕೆ ದೆಹಲಿ ಎರಡೇ ದಿನದಲ್ಲಿ ಮಣಿದು ನಿಯಮ ಹಿಂತೆಗೆಯಿತು. ಹಾಗೆಂದು ಎಲ್ಲ ಸಲವೂ ಗೆಲುವಾಗಲಿಲ್ಲ. 2020ರಲ್ಲಿ ತಿಂಗಳಿಗೆ ಸುಮಾರು 417 ರೂಪಾಯಿಯಷ್ಟಿದ್ದ ತುಟ್ಟಿಭತ್ಯೆಯನ್ನು ರಾಜ್ಯ ಸರ್ಕಾರ ಒಂದು ವರ್ಷ ಮುಂದೂಡಿತು. ವಿಷಯ ಹೈಕೋರ್ಟಿಗೆ ಹೋಯಿತು. ಬಾಕಿ ಕೈಗೆ ಬರಲು ಬಹಳ ಕಾಲ ಹಿಡಿಯಿತು. 417 ರೂಪಾಯಿ ಎಂದರೆ ಈ ಮನೆಗಳಲ್ಲಿ ಹತ್ತು ದಿನದ ಹಾಲು.

ಅದೇ ವರ್ಷದ ಲಾಕ್‌ಡೌನು ಊರಿನ ಇನ್ನೊಂದು ಪದರವನ್ನು ಬೀದಿಗೆ ತಂದಿತು. ಶೆಡ್ಡು ಮುಚ್ಚಿ, ಕೂಲಿ ನಿಂತ ಹೊರರಾಜ್ಯದ ಹುಡುಗರು ತುಮಕೂರು ರಸ್ತೆಯ ಬಿಐಇಸಿ ವಸ್ತುಪ್ರದರ್ಶನ ಕೇಂದ್ರದಲ್ಲಿ ಗುಂಪುಗೂಡಿದರು. ಶ್ರಮಿಕ ರೈಲುಗಳು ಮೇ ತಿಂಗಳ ಮೊದಲ ವಾರದಲ್ಲಿ ಬಾಗಲಗುಂಟೆಗೆ ಹತ್ತಿರದ ಚಿಕ್ಕಬಾಣಾವರ ನಿಲ್ದಾಣದಿಂದ ಹೊರಟವು. ಕಟ್ಟಡ ಉದ್ಯಮದವರ ಜೊತೆ ಮಾತಾಡಿದ ಮೇಲೆ ರಾಜ್ಯ ಸರ್ಕಾರ ನಡುವೆ ರೈಲು ನಿಲ್ಲಿಸಿತು. ಟೀಕೆ ಜೋರಾದ ಮೇಲೆ ಮತ್ತೆ ಬಿಟ್ಟಿತು. ಕಾರ್ಖಾನೆಗೆ ಇವರು ಎಷ್ಟು ಬೇಕು, ಊರಿಗೆ ಎಷ್ಟು ಬೇಡ ಎಂಬುದು ಆ ನಾಲ್ಕು ದಿನದಲ್ಲಿ ಎಲ್ಲರಿಗೂ ಕಂಡಿತು.

ಒಂದು ಸಂಸಾರದ ಲೆಕ್ಕ ಬಿಡಿಸಿ ನೋಡೋಣ. ಹೆಂಡತಿ ಗಾರ್ಮೆಂಟ್ಸ್ ಟೈಲರ್, ಗಂಡ ಗೂಡ್ಸ್ ಆಟೊ, ಓದುವ ಮಕ್ಕಳು ಇಬ್ಬರು. ಆಕೆಯ ಸಂಬಳ 13,000 ಎಂದಿಟ್ಟುಕೊಂಡರೆ ಪಿಎಫ್‌ಗೆ ನೂರಕ್ಕೆ 12, ಇಎಸ್‌ಐಗೆ ನೂರಕ್ಕೆ ಮುಕ್ಕಾಲು ಹಿಡಿದು ಕೈಗೆ ಬರುವುದು ಹೆಚ್ಚುಕಡಿಮೆ 11,350. ಒಂದು ರೂಮು, ಅಡುಗೆಮನೆ, ಹೊರಗೆ ಬಚ್ಚಲಿನ ಮನೆಗೆ 6,000 ಹೋದರೆ ಉಳಿದದ್ದರಲ್ಲಿ ಸ್ಕೂಲು, ಸಿಲಿಂಡರು, ಚೀಟಿ, ಕಿರುಸಾಲದ ಸಂಘದ ಕಂತು. ಗಂಡನ ಆಟೊಗೆ ಬಾಡಿಗೆ ಸಿಕ್ಕ ದಿನ ಊಟಕ್ಕೆ ಕಷ್ಟವಿಲ್ಲ. ಆಟೊ ಗ್ಯಾರೇಜಿಗೆ ಹೋದರೆ ಮೂಗುತಿ, ಉಂಗುರ ಗಿರವಿ ಅಂಗಡಿಗೆ ಹೋಗುತ್ತವೆ. ಮನೆ ಕೇಳಲು ಹೋದಾಗ ನಡೆಯುವ ಮಾತೂ ಎಲ್ಲ ಕಡೆ ಹೀಗೆಯೇ:

“ಎಷ್ಟು ಜನ ಇದೀರಮ್ಮಾ?”

“ನಾಲ್ಕೇ ಜನ ಸಾರ್.”

“ಊರಿಂದ ನೆಂಟರು ಬಂದು ವಾರಗಟ್ಟಲೆ ಉಳ್ಕೊಳ್ಳೋ ಹಾಗಿಲ್ಲ. ಬೋರ್ ನೀರು ಸಾಲಲ್ಲ. ಕರೆಂಟು ಸಬ್ ಮೀಟರು, ಯೂನಿಟ್ ಲೆಕ್ಕ.”

ಆ ಕೊನೆಯ ಮಾತಿನಲ್ಲಿ ಒಂದು ಸರ್ಕಾರಿ ಯೋಜನೆ ಕೈತಪ್ಪುತ್ತದೆ. ಗೃಹಜ್ಯೋತಿಯ ಉಚಿತ ಕರೆಂಟಿನ 200 ಯೂನಿಟ್ ಮಿತಿ ಬೆಸ್ಕಾಂ ಮೀಟರಿಗೆ. ನಾಲ್ಕು ಸಂಸಾರ ಒಂದೇ ಮೀಟರಿನಡಿ ಇದ್ದರೆ ಮಿತಿ ದಾಟುತ್ತದೆ, ಬಿಲ್ಲು ಬಾಡಿಗೆದಾರರ ಮೇಲೆ ಬೀಳುತ್ತದೆ. ಉಳಿದ ಯೋಜನೆಗಳು ನೆರವಿಗೆ ಬಂದಿವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಸ್ ಚಾರ್ಜು ಉಳಿಸಿದೆ, ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2,000 ತಡವಾಗಿಯಾದರೂ ಬರುತ್ತದೆ. ಆ 2,000 ಎಷ್ಟೋ ಮನೆಗಳಲ್ಲಿ ನೇರವಾಗಿ ಸಂಘದ ಕಂತಿಗೆ ಹೋಗುತ್ತದೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು ಎಂದರೆ ಸಾಲ ಎಷ್ಟು ಮನೆಗಳ ಬಾಗಿಲು ತಟ್ಟಿತ್ತು ಎಂದು ಊಹಿಸಬಹುದು.

ಇನ್ನು ರೇಷನ್ ಕಾರ್ಡಿನ ಲೆಕ್ಕ. ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ಮೀರಬಾರದು, ಅಂದರೆ ತಿಂಗಳಿಗೆ 10,000. ಮೇಲೆ ಹೇಳಿದ ಟೈಲರ್ ಒಬ್ಬಳ ಸಂಬಳವೇ ವರ್ಷಕ್ಕೆ 1.56 ಲಕ್ಷ. ಇದಕ್ಕಿಂತ ಕಡಿಮೆ ಕೊಡಬೇಡಿ ಎಂದು ಕಾರ್ಮಿಕ ಇಲಾಖೆ ಗೊತ್ತು ಮಾಡಿದ ಕೂಲಿ ಪಡೆದವಳು ಆಹಾರ ಇಲಾಖೆಯ ಕಣ್ಣಿಗೆ ಬಡವಳಲ್ಲ! 2024ರ ನವೆಂಬರ್‌ನಲ್ಲಿ ಅನರ್ಹ ಕಾರ್ಡುಗಳ ರದ್ದತಿಯ ಗಲಾಟೆ ಎದ್ದಾಗ ಈ ಬೀದಿಗಳಲ್ಲಿ ದಿಗಿಲು ಹುಟ್ಟಿದ್ದು ಇದಕ್ಕೇ. ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ಮುಟ್ಟುವುದಿಲ್ಲ ಎಂದು ಸರ್ಕಾರ ಹೇಳಿದ ಮೇಲೆ ಜನ ಉಸಿರು ಬಿಟ್ಟರು. ಆ ಮಿತಿ ಮಾತ್ರ ಇದ್ದಲ್ಲೇ ಇತ್ತು. ಯೋಜನಾ ಆಯೋಗದ ತೆಂಡೂಲ್ಕರ್ ಸೂತ್ರವಂತೂ 2011–12ರಲ್ಲಿ ನಗರದ ಬಡತನ ರೇಖೆಯನ್ನು ದೇಶದ ಲೆಕ್ಕದಲ್ಲಿ ತಲೆಗೆ ತಿಂಗಳಿಗೆ 1,000 ರೂಪಾಯಿಗೆ ಎಳೆದಿತ್ತು. ಆ ಲೆಕ್ಕದಲ್ಲಿ ಬಾಗಲಗುಂಟೆಯಲ್ಲಿ ಬಡವರನ್ನು ಹುಡುಕುವುದೇ ಕಷ್ಟ.

ಬಾಡಿಗೆ ಈಸಿಕೊಳ್ಳುವವರೆಲ್ಲ ಶ್ರೀಮಂತರೆಂದು ತಿಳಿಯಬೇಕಿಲ್ಲ. ಪಿಂಚಣಿಯೆಂದು ಹೇಳಿಕೊಳ್ಳುವಷ್ಟು ಬಾರದ ಹಳೆಯ ನೌಕರನಿಗೆ ಮೇಲಿನ ಎರಡು ಮನೆಯ ಬಾಡಿಗೆಯೇ ಔಷಧಿಯ ದುಡ್ಡು. ಗಾರ್ಮೆಂಟ್ಸ್‌ಗಳು ಕೂಲಿ ಕಡಿಮೆ ಇರುವ ತುಮಕೂರು, ಹಾಸನ, ಮಂಡ್ಯದ ಕಡೆಗೆ ಸರಿಯುತ್ತ ಹೋದರೆ ಮನೆ ಖಾಲಿಯಾಗಿ ಅವನಿಗೂ ಪೆಟ್ಟು ಬೀಳುತ್ತದೆ. ಕೆಳಗಿನ ಮನೆ, ಮೇಲಿನ ಮನೆ ಎರಡರ ಬದುಕೂ ಕಾರ್ಖಾನೆಯ ಒಂದೇ ಸಂಬಳಕ್ಕೆ ಜೋತುಬಿದ್ದಿದೆ. ಎಚ್‌ಎಂಟಿ ಕಾಲದ ನೌಕರನಿಗೆ ಸಂಬಳದ ಜೊತೆ ಸೂರಿನ ದಾರಿಯೂ ಸಿಕ್ಕಿತ್ತು. ಆಮೇಲೆ ಬಂದವರಿಗೆ ಸಂಬಳ ಮಾತ್ರ ಸಿಕ್ಕಿತು, ಅದರಲ್ಲಿ ಅರ್ಧ ಸೂರಿಗೆ ಹೋಯಿತು. ಎರಡು ತಲೆಮಾರಿನ ನಡುವಿನ ವ್ಯತ್ಯಾಸ ಇಲ್ಲಿದೆಯೇ ಹೊರತು ಕಷ್ಟಪಟ್ಟು ದುಡಿಯುವುದರಲ್ಲಿಲ್ಲ. ಕನಿಷ್ಠ ಕೂಲಿ ನಿಗದಿ ಮಾಡುವಾಗ ಬೆಂಗಳೂರಿನ ನಿಜವಾದ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿಯಲಿ. ಬಿಪಿಎಲ್ ಮಿತಿ ಕಡೇಪಕ್ಷ ಆ ಕೂಲಿಗಿಂತ ಮೇಲಿರಲಿ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಅಂಚಿನಲ್ಲಿ ಕಾರ್ಮಿಕರಿಗೆ ಸರ್ಕಾರವೇ ಬಾಡಿಗೆ ಮನೆ ಕಟ್ಟಲಿ. ಈ ಮೂರೂ ಆಗದೆ ಇನ್ನೆಷ್ಟು ಕಾರ್ಖಾನೆ ಬಂದರೂ ಬಾಗಲಗುಂಟೆಯಲ್ಲಿ ಕೆಲಸ ಹೆಚ್ಚುತ್ತದೆ, ಬಾಡಿಗೆಯೂ ಅದರ ಬೆನ್ನಿಗೇ ಹೆಚ್ಚುತ್ತದೆ, ತಿಂಗಳ ಇಪ್ಪತ್ತರ ಕೈಸಾಲ ತಪ್ಪುವುದಿಲ್ಲ.