ವಿನಂತಿ ಮ್ಯಾಪಿಂಗ್ ಪರೀಕ್ಷೆ

ಜಾವಾ ವೆಬ್ ಅಪ್ಲಿಕೇಶನ್‌ನಲ್ಲಿ ಯಾವ ಯುಆರ್‌ಎಲ್‌ಗೆ ಕಂಟ್ರೋಲರ್‌ನ ಯಾವ ಮೆಥಡ್ ಉತ್ತರಿಸಬೇಕೆಂಬ ಜೋಡಣೆಯನ್ನು ಒರೆಗೆ ಹಚ್ಚುವ ಕ್ರಮ. ಸ್ಪ್ರಿಂಗ್ ಎಂಬ ಜಾವಾ ಚೌಕಟ್ಟಿನಲ್ಲಿ ಈ ಜೋಡಣೆಗೆ 2.5ನೇ ಆವೃತ್ತಿಯಿಂದ (2007) ರಿಕ್ವೆಸ್ಟ್‌ಮ್ಯಾಪಿಂಗ್ ಅನೊಟೇಶನ್ ಬಳಕೆಯಲ್ಲಿದೆ. ಮೆಥಡನ್ನು ನೇರವಾಗಿ ಕರೆದು ನೋಡಿದರೆ ಒಳಗಿನ ಲೆಕ್ಕ ಸರಿಯೆಂದಷ್ಟೇ ತಿಳಿಯುತ್ತದೆ. ವಿಳಾಸದ ತಪ್ಪು ಸಿಗದು. 3.2ರಲ್ಲಿ (2012) ಸೇರಿದ ಮಾಕ್‌ಎಂವಿಸಿ, ಸರ್ವರ್ ಓಡಿಸದೆಯೇ ವಿನಂತಿ ಕಳಿಸಿ ಉತ್ತರ ನೋಡುತ್ತದೆ: ದಾರಿಯೇ ಇಲ್ಲದಿದ್ದರೆ 404, ದಾರಿಯಿದ್ದು ಗೆಟ್ ಬದಲು ಪೋಸ್ಟ್ ಬಂದರೆ 405.

ಊರ ಹೆಸರು ವಿಳಾಸದೊಳಗೆ ಬಂದಾಗ ತೊಡಕು ಹೆಚ್ಚು. ಮಂಗಳೂರನ್ನೇ ನೋಡಿ. 2014ರ ನವೆಂಬರ್ 1ರಂದು ಇಂಗ್ಲಿಷಿನ ‘ಮ್ಯಾಂಗಲೋರ್’ ಅಧಿಕೃತವಾಗಿ ‘ಮಂಗಳೂರು’ ಆಯಿತು. ಹಳೆಯ ಹೆಸರಿನ ವಿಳಾಸವನ್ನು 301 ಸಂಕೇತದೊಡನೆ ಹೊಸದಕ್ಕೆ ತಿರುಗಿಸುವ ಜಾಲತಾಣದಲ್ಲಿ ಆ ಸಂಕೇತವನ್ನೂ ಲೊಕೇಶನ್ ಹೆಡರನ್ನೂ ಪರೀಕ್ಷಿಸಬೇಕು. ಕನ್ನಡ ಲಿಪಿಯ ‘ಮಂಗಳೂರು’ ಯೂನಿಕೋಡ್‌ನಲ್ಲಿ 7 ಸಂಕೇತ, ಯುಟಿಎಫ್-8ರಲ್ಲಿ 21 ಬೈಟ್. ಯುಆರ್‌ಎಲ್‌ನಲ್ಲಿ ಶೇಕಡಾ ಚಿಹ್ನೆಗಳೂ ಸೇರಿ 63 ಅಕ್ಷರಗಳ ಉದ್ದದ ಸಾಲು. ಇಂಗ್ಲಿಷ್ ಹೆಸರುಗಳಿಂದಷ್ಟೇ ಪರೀಕ್ಷೆ ಬರೆಯುವವರ ಕಣ್ಣಿಗೆ ಇಲ್ಲಿನ ದೋಷ ಬೀಳುವುದೇ ಇಲ್ಲ. ತುಳುವರ ಕುಡ್ಲ, ಕೊಂಕಣಿಗರ ಕೊಡಿಯಾಲ, ಬ್ಯಾರಿಗಳ ಮೈಕಾಲವೂ ಇದೇ ಊರು. ಅವನ್ನೂ ಒಪ್ಪುವುದಾದರೆ ಪ್ರತಿ ಹೆಸರಿಗೂ ಒಂದು ಪರೀಕ್ಷೆ ಬೇಕು.

ವಿಳಾಸದ ಕೊನೆಯ ಓರೆಗೆರೆಯನ್ನು ಸ್ಪ್ರಿಂಗ್ ಮೊದಲು ಲೆಕ್ಕಿಸುತ್ತಿರಲಿಲ್ಲ. 2022ರ 6.0ನೇ ಆವೃತ್ತಿಯಿಂದ, ಬೇರೆ ಹೇಳದಿದ್ದರೆ, ಓರೆಗೆರೆ ಇರುವುದೂ ಇಲ್ಲದ್ದೂ ಎರಡು ಬೇರೆ ವಿಳಾಸ.